ಹೋತರಾಯನ ಜಾತ್ರೆ

ಐರ್ಲೆಂಡು ದೇಶದ ಕೆರಿ ಪ್ರಾಂತದಲ್ಲಿ, ಲಾನ್ ನದಿಯ ದಡದ ಮೇಲೆ, ಕಿಲ್ಲಾರ್ಗ್ಲಿನ್ ಎಂಬ ಚಿಕ್ಕ ಊರಿರುವುದು. ಅಲ್ಲಿ ವರ್ಷವರ್ಷವೂ ಆಗಸ್ಟು ತಿಂಗಳಿನ 10, 11, 12ನೆಯ ತಾರೀಖುಗಳಲ್ಲಿ ‘ಪಕ್ ಫೇರ್’ ಎಂಬ ಜಾತ್ರೆ ನೆರೆಯುವುದು. ಬೆಟ್ಟದಿಂದ ಹಿಡಿದು ತಂದ ಕಾಡುಹೋತವೊಂದಕ್ಕೆ, ರಾಣಿಯ ಉಡುಪನ್ನು ತೊಟ್ಟ ಶಾಲಾಬಾಲಿಕೆಯೊಬ್ಬಳು ಕಿರೀಟವನ್ನಿಟ್ಟು ಅದನ್ನು ಅರಸನನ್ನಾಗಿ ಮಾಡುವಳು. ಆ ಹೋತವನ್ನು ಪೇಟೆಯ ನಡುವೆ ಬಹಳ ಎತ್ತರದ ಅಟ್ಟಣೆಗೇರಿಸಿ, ಜಾತ್ರೆ ಮುಗಿದ ಬಳಿಕ ಮರಳಿ ಬೆಟ್ಟಕ್ಕೆ ಬಿಡುವುದು ಬಹುಕಾಲ ವಾಡಿಕೆಯಾಗಿತ್ತು.

ಈ ಜಾತ್ರೆಗೆ 1613ರಲ್ಲಿ ಒಂದನೆಯ ಜೇಮ್ಸ್ ದೊರೆಯ ಕಾಲದ ಸನ್ನದುಂಟು. ಕ್ರಾಮ್‌ವೆಲ್ಲನ ದಂಡು ಬರುತ್ತಿದ್ದಾಗ ಹೋತವೊಂದು ಊರಿಗೆ ಓಡಿಬಂದು ಜನರನ್ನು ಎಚ್ಚರಿಸಿತೆಂಬ ಐತಿಹ್ಯವೂ ಉಂಟು. ಜೀವನೋಪಾಯಕ್ಕಾಗಿ ಕಡಲಾಚೆಗೆ ಹೋದವರು ಈ ದಿನಗಳಲ್ಲಿ ತಾಯ್ನೆಲಕ್ಕೆ ಬರುವರು. ಅಂಗೈಗೆ ಅಂಗೈ ತಟ್ಟಿ ದನದ ಬೆಲೆಯನ್ನು ನಿಶ್ಚಯಿಸುತ್ತಿದ್ದುದು, ಮಾರಿದವನು ಕೊಂಡವನಿಗೆ ಶುಭವಾಗಲೆಂದು ಚಿಲ್ಲರೆ ಹಣವನ್ನು ಹಿಂದಕ್ಕೆ ಕೊಡುತ್ತಿದ್ದುದು, ಇವೆಲ್ಲ ಐರಿಷ್ ಜಾತ್ರೆಗಳನ್ನು ಕಂಡವರ ಸವಿನೆನಪುಗಳು.

ಆದರೆ ಸವಿನೆನಪಿಗೆ ಒಂದು ಅಪಾಯವುಂಟು. ಹಳೆಯದೆಲ್ಲವೂ ಒಳ್ಳೆಯದೆಂದು ಅದು ನಮ್ಮನ್ನು ನಂಬಿಸುವುದು. 2022ರ ಜಾತ್ರೆಯಲ್ಲಿ ಬಿಸಿಲು ಅತಿಯಾಗಿ, ಹೋತವನ್ನು ಅಟ್ಟಣೆಯಿಂದ ಕೆಳಗಿಳಿಸಬೇಕಾಯಿತು. ಪೂರ್ವಿಕರ ಪದ್ಧತಿಯನ್ನು ಸಡಿಲಿಸಿದರೆ ಜಾತ್ರೆಯ ಕಳೆಯೇ ಕುಂದುವುದೆಂದು ಹೇಳುವವರುಂಟು. ನಾವು ಇದನ್ನು ಒಪ್ಪಲಾರೆವು. ಸಾಂಕ್ರಾಮಿಕ ರೋಗದ ನಿಮಿತ್ತ 2020ರಲ್ಲಿ ನಿಂತುಹೋಗಿದ್ದ ಜಾತ್ರೆಯೂ ಮತ್ತೆ ನೆರೆದುದಷ್ಟೆ. ಜಾತ್ರೆಯ ಜೀವವು ಅಟ್ಟಣೆಯ ಎತ್ತರದಲ್ಲಿಲ್ಲ. ಅಗಲಿದವರು ಕೂಡುವುದರಲ್ಲಿಯೂ, ಆಡಿದ ಮಾತನ್ನು ಉಳಿಸಿಕೊಳ್ಳುವುದರಲ್ಲಿಯೂ ಇದೆ. ಸೃಷ್ಟಿಕರ್ತನು ಮೂಕಪ್ರಾಣಿಗಳನ್ನು ಮನುಷ್ಯನ ವಶಕ್ಕೆ ಕೊಟ್ಟುದು ಕಾಪಾಡುವುದಕ್ಕಾಗಿಯೇ ಹೊರತು ನೋಯಿಸುವುದಕ್ಕಾಗಿ ಅಲ್ಲ. ಅರಸನೆಂದು ಕಿರೀಟವಿಟ್ಟ ಪ್ರಾಣಿಗೆ ನೆರಳನ್ನು ಕೊಡದಿದ್ದರೆ ಆ ಮನ್ನಣೆಗೆ ಅರ್ಥವೇನು?

ತಂದೆತಾಯಿಗಳೇ, ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಆ ಕಿರೀಟವನ್ನಿಡುವ ಕೈ ಶಾಲೆಗೆ ಹೋಗುವ ಹುಡುಗಿಯದೆಂಬುದನ್ನು ಮರೆಯದಿರೋಣ. ಹಿರಿಯರ ಆಚಾರವನ್ನು ಗೌರವದಿಂದ ಕೈಗೊಳ್ಳುವುದನ್ನು ನಮ್ಮ ಹೆಣ್ಣುಮಕ್ಕಳಿಗೆ ಕಲಿಸೋಣ. ಅದರಲ್ಲಿ ಯಾವ ಜೀವಕ್ಕಾದರೂ ನೋವುಂಟಾದರೆ, ಹಿರಿಯರ ಎದುರಿನಲ್ಲಿಯೇ ವಿನಯದಿಂದಲೂ ಧೈರ್ಯದಿಂದಲೂ ಅದನ್ನು ಹೇಳುವುದನ್ನೂ ಕಲಿಸೋಣ. ಈ ಎರಡನ್ನೂ ಬಲ್ಲವಳ ಕೈಯಲ್ಲಿ ಹಳೆಯ ಸಂಪ್ರದಾಯವು ಕ್ಷೇಮವಾಗಿರುವುದು.