ಎರಡನೆಯ ಭಾಗ ಓದಿದೆ, ಏನೀಗ?

'ಈ ವಯಸ್ಸಿನಾಗ ಇದೇನ್ರಿ ಮೇಡಂ, ರಕ್ತ ಕುಡಿಯೋರ ಲವ್ ಸ್ಟೋರಿ?' ಎಂದು ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ನನ್ನ ಪುಸ್ತಕದ ರಟ್ಟನ್ನು ತಿರುವಿ ನೋಡಿ ನಕ್ಕರು. ಉಳಿದವರೂ ನಕ್ಕರು. ನಾನೂ ನಕ್ಕೆ. ಹಾಗೆ ನಕ್ಕದ್ದು ತಪ್ಪಾಯಿತೆಂದು ಮನೆಗೆ ಬಂದು ಚಹಾಕ್ಕೆ ನೀರಿಡುವಾಗ ಅನ್ನಿಸಿತು. ಅಲ್ಲಿ ಹೇಳಬೇಕಾದ ಮಾತನ್ನು ಇಲ್ಲಿ ಹೇಳುತ್ತಿದ್ದೇನೆ.

ಪುಸ್ತಕ ನನ್ನದಲ್ಲ. ಇಂಡಿಯಲ್ಲಿರುವ ನನ್ನ ತಂಗಿಯ ಮಗಳದು. ಪಿ.ಯು.ಸಿ. ಎರಡನೆಯ ವರ್ಷದ ಹುಡುಗಿ, ರಜೆಗೆ ಬಾಗೇವಾಡಿಗೆ ಬಂದಾಗ ಚೀಲದಲ್ಲಿ ತಂದಿದ್ದಳು. ಅಮೆರಿಕದ ಸ್ಟೆಫನಿ ಮೆಯರ್ ಬರೆದ ನಾಲ್ಕು ಭಾಗಗಳ ಕಥೆ. ಮೊದಲನೆಯ ಭಾಗ 'ಟ್ವೈಲೈಟ್' 2005ರಲ್ಲಿ ಬಂತು, ಎರಡನೆಯದು 'ನ್ಯೂ ಮೂನ್' 2006ರಲ್ಲಿ. ಇವುಗಳ ಪ್ರತಿಗಳು ಹತ್ತು ಕೋಟಿಗೂ ಮೀರಿ ಮಾರಾಟವಾಗಿವೆ. ಮಳೆ ಬಿಡದೆ ಸುರಿಯುವ ಫೋರ್ಕ್ಸ್ ಎಂಬ ಸಣ್ಣ ಊರಿನ ಬೆಲ್ಲಾ ಎಂಬ ಹುಡುಗಿ, ಅವಳು ಪ್ರೀತಿಸುವ ಎಡ್ವರ್ಡ್ ಎಂಬ ರಕ್ತಪಿಶಾಚಿ. ಮೊದಲನೆಯ ಭಾಗ ನನಗೆ ಸೇರಲಿಲ್ಲ. ಅವನು ರಾತ್ರಿ ಕಿಟಕಿಯಿಂದ ಬಂದು, ಮಲಗಿದ ಹುಡುಗಿಯನ್ನು ಅವಳಿಗೆ ತಿಳಿಯದಂತೆ ನೋಡುತ್ತ ಕೂಡುತ್ತಾನೆ. ನಮ್ಮ ಓಣಿಯಲ್ಲಿ ಹೀಗೆ ಮಾಡಿದವನಿಗೆ ಹಿರಿಯರು ಪ್ರೇಮಿ ಎಂಬ ಹೆಸರು ಕೊಡುವುದಿಲ್ಲ. ಇದನ್ನು ಹುಡುಗಿಗೆ ಹೇಳಿದೆ. ಅವಳು ವಾದಿಸಲಿಲ್ಲ. 'ದೊಡ್ಡಮ್ಮ, ಎರಡ್ನೇದ್ದು ಓದು, ಆಮ್ಯಾಲ ಮಾತಾಡು' ಎಂದಳು.

ಓದಿದೆ. ಎರಡು ರಾತ್ರಿ, ಒಂದು ರವಿವಾರ. ರೊಟ್ಟಿ ಹೊತ್ತಿದ್ದೂ ಗೊತ್ತಾಗಲಿಲ್ಲ.

'ನ್ಯೂ ಮೂನ್' ಎಂದರೆ ಅಮಾವಾಸ್ಯೆ. ನಮ್ಮ ಕಡೆ ಎಳ್ಳಮಾಸಿಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವವರಿಗೆ ಈ ಹೆಸರು ಅಪಶಕುನ ಎನ್ನಿಸಲಾರದು. ಕಥೆಯ ಆರಂಭಕ್ಕೆ ಬೆಲ್ಲಾಳ ಹದಿನೆಂಟನೆಯ ಹುಟ್ಟುಹಬ್ಬ. ಕಾಗದ ತಗಲಿ ಬೆರಳಿನಿಂದ ಒಂದು ಹನಿ ರಕ್ತ ಬರುತ್ತದೆ. ಆ ಮನೆಯಲ್ಲಿ ಅದು ಎಂಥ ಅನಾಹುತವೆಂದು ಬಿಡಿಸಿ ಹೇಳಬೇಕಾಗಿಲ್ಲ. ನಿನ್ನ ಒಳ್ಳೆಯದಕ್ಕೆ ಎಂದುಕೊಂಡು ಎಡ್ವರ್ಡ್ ಅವಳನ್ನು ಬಿಟ್ಟು ಹೋಗುತ್ತಾನೆ. ಅಲ್ಲಿಂದ ಪುಟಗಳು ಖಾಲಿ. ಒಂದರ ಮೇಲೆ ಅಕ್ಟೋಬರ್ ಎಂದಷ್ಟೇ ಇದೆ, ಮುಂದಿನದರ ಮೇಲೆ ನವೆಂಬರ್, ಆಮೇಲೆ ಡಿಸೆಂಬರ್, ಜನವರಿ. ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನನ್ನ ತಾಯಿ ತೀರಿದ ವರ್ಷ ಶಾಲೆಯ ಹಾಜರಿಯಲ್ಲಿ ದಿನವೂ ಸಹಿ ಮಾಡಿದ್ದೇನೆ, ಪಾಠ ಮಾಡಿದ್ದೇನೆ, ಪೇಪರು ತಿದ್ದಿದ್ದೇನೆ. ಏನು ಮಾಡಿದೆ ಎಂದು ಕೇಳಿದರೆ ನನ್ನ ಬಳಿಯೂ ಇರುವುದು ತಿಂಗಳುಗಳ ಹೆಸರು ಮಾತ್ರ.

ಆಮೇಲಿನ ನೂರಾರು ಪುಟಗಳಲ್ಲಿ ನಾಯಕನೇ ಇಲ್ಲ. ನನಗೆ ಹಿಡಿಸಿದ್ದೇ ಇದು. ಹುಡುಗಿ ಜೇಕಬ್ ಎಂಬ ಗೆಳೆಯನ ಗ್ಯಾರೇಜಿನಲ್ಲಿ ಹಳೆಯ ಮೋಟಾರ್ ಸೈಕಲ್ ಎರಡನ್ನು ಜೋಡಿಸುತ್ತ ಜೀವ ಹಿಡಿದುಕೊಳ್ಳುತ್ತಾಳೆ. ಕೈಗೆ ಗ್ರೀಸು, ಬಾಯಿಗೆ ನಗು ನಿಧಾನವಾಗಿ ಬರುತ್ತವೆ. ಆ ಗೆಳೆಯನೂ ಮುಂದೆ ತೋಳನಾಗುವವನೇ, ಅದು ಬೇರೆ ಮಾತು. ಕೊನೆಗೆ, ಅವಳು ಸತ್ತಳೆಂದು ತಪ್ಪು ತಿಳಿದು ಇಟಲಿಯ ವೋಲ್ತೆರಾ ಊರಿಗೆ ಸಾಯಲು ಹೋದ ಎಡ್ವರ್ಡನನ್ನು, ನಡು ಮಧ್ಯಾಹ್ನ ಗಡಿಯಾರದ ಗೋಪುರದ ಕೆಳಗೆ ಜನಜಂಗುಳಿ ಸೀಳಿಕೊಂಡು ಓಡಿ ಅವಳೇ ಉಳಿಸುತ್ತಾಳೆ. ಉಳಿಸುವವಳು ಅವಳು, ಉಳಿಯುವವನು ಅವನು. ನಮ್ಮ ಸಾವಿತ್ರಿಯ ಕೆಲಸ. ಸಾವಿತ್ರಿಯ ಕಥೆ ಹೇಳಿದರೆ ಸ್ಟಾಫ್ ರೂಮಿನಲ್ಲಿ ಯಾರೂ ನಗುವುದಿಲ್ಲ.

ನಗುವವರ ಮೊದಲ ಆಕ್ಷೇಪಣೆ, ಇದು ಬರೀ ಕಲ್ಪನೆ, ಗಂಭೀರ ಸಾಹಿತ್ಯವಲ್ಲ ಎಂದು. ಸ್ವಾಮಿ, ನೀವು ಗಂಭೀರವಾಗಿ ಉಚ್ಚರಿಸುವ 'ಕಾದಂಬರಿ' ಎಂಬ ಪದ ಎಲ್ಲಿಂದ ಬಂತು? ಬಾಣಭಟ್ಟನ ಕಥೆಯ ಗಂಧರ್ವ ಹುಡುಗಿಯ ಹೆಸರು ಅದು. ಏಳನೆಯ ಶತಮಾನದ ಆ ಕಥೆಯಲ್ಲಿ ಮಾತಾಡುವ ಗಿಣಿ ಇದೆ, ಶಾಪ ಇದೆ, ಒಂದು ಜನ್ಮ ಸಾಲದೆ ಮತ್ತೊಂದಿದೆ, ಭೂಮಿಗೆ ಇಳಿದು ರಾಜಕುಮಾರನಾದ ಚಂದ್ರನಿದ್ದಾನೆ. ಪ್ರೇಮದ ತಾಪದಲ್ಲಿ ಸತ್ತ ಪುಂಡರೀಕನಿಗಾಗಿ ಅಚ್ಛೋದ ಸರೋವರದ ದಂಡೆಯಲ್ಲಿ ಕಾಯುತ್ತ ಕುಳಿತ ಮಹಾಶ್ವೇತೆ ಇದ್ದಾಳೆ. ಗೆಳತಿಗೆ ಇಲ್ಲದ ಸುಖ ನನಗೂ ಬೇಡ ಎಂದು ಮದುವೆಯನ್ನೇ ಒಲ್ಲೆನೆನ್ನುವ ಕಾದಂಬರಿ ಇದ್ದಾಳೆ. ಬಾಣ ಇದನ್ನು ಮುಗಿಸುವ ಮೊದಲೇ ತೀರಿಕೊಂಡ. ಮಗ ಉಳಿದದ್ದನ್ನು ಬರೆದ. ಅಂದರೆ ಎರಡನೆಯ ಭಾಗಕ್ಕಾಗಿ ಕಾದ ಓದುಗರು ಆಗಲೂ ಇದ್ದರೆಂದೇ ಅರ್ಥ. ಆ ಎರಡನೆಯ ಭಾಗದಲ್ಲೇ ರಾಜಕುಮಾರ ಚಂದ್ರಾಪೀಡ ಎದೆಯೊಡೆದು ಸಾಯುತ್ತಾನೆ. ಕೊಳೆಯದ ಆ ದೇಹವನ್ನು ಕಾದಂಬರಿ ಕಾಯುತ್ತ ಕೂಡುತ್ತಾಳೆ. ಕೊನೆಗೆ ಅವಳ ಅಪ್ಪುಗೆಯಿಂದ ಅವನು ಕಣ್ಣು ತೆರೆಯುತ್ತಾನೆ. ಹತ್ತನೆಯ ಶತಮಾನದಲ್ಲಿ ನಾಗವರ್ಮ ಇದನ್ನು 'ಕರ್ಣಾಟಕ ಕಾದಂಬರಿ' ಎಂದು ಕನ್ನಡಕ್ಕೆ ತಂದ. ಆ ಹುಡುಗಿಯ ಹೆಸರನ್ನೇ ನಾವೂ ಮರಾಠಿಯವರೂ ಸಾಹಿತ್ಯದ ಇಡೀ ಒಂದು ಪ್ರಕಾರಕ್ಕೆ ಇಟ್ಟುಕೊಂಡೆವು. ಅದನ್ನು ಎಂ.ಎ. ತರಗತಿಯಲ್ಲಿ ಓದಿದರೆ ಪಾಂಡಿತ್ಯ, ಅಂಥದನ್ನೇ ನನ್ನ ತಂಗಿಯ ಮಗಳು ಹಾಸಿಗೆಯಲ್ಲಿ ಅಂಗಾತ ಬಿದ್ದು ಓದಿದರೆ ತಲೆ ಕೆಡುವುದು!

ಪಂಡಿತರ ಮಾತು ಬಿಡಿ, ನಮ್ಮ ಅಜ್ಜಿಯರನ್ನು ನೆನೆಯೋಣ. ಆಗಿನ ಇಂಡಿ ತಾಲೂಕಿನ ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಹೊರತಂದರು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ಬೀಸುಕಲ್ಲಿನ ಮುಂದಿನ ಹೆಂಗಸರಿಂದ ಕೇಳಿ ಬರೆದುಕೊಂಡದ್ದು. ಗಂಡ, ತವರು, ಮುನಿಸು, ಒಲವು ಎಲ್ಲ ಅದರಲ್ಲಿವೆ. ಅದಕ್ಕೆ ಮುನ್ನುಡಿ ಬಂತು, ಪಠ್ಯದಲ್ಲಿ ಜಾಗ ಬಂತು, ಆಗಬೇಕಾದದ್ದೇ. ಎ.ಕೆ. ರಾಮಾನುಜನ್ ಕರ್ನಾಟಕದ ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡ ಕಥೆಯೊಂದರಲ್ಲಿ, ಮೈಮೇಲೆ ನೀರು ಸುರಿದರೆ ಹುಡುಗಿ ಹೂವಿನ ಮರವಾಗುತ್ತಾಳೆ. ರಾಜಕುಮಾರ ಅವಳನ್ನು ಮದುವೆಯಾಗುತ್ತಾನೆ. ನಾದಿನಿ ಅವಳ ಕೊಂಬೆಗಳನ್ನು ಮುರಿಸುತ್ತಾಳೆ. 2006ರಲ್ಲಿ ಜಾನ್ ಆಡಮ್ಸ್ ಎಂಬ ಅಮೆರಿಕದ ಸಂಗೀತಗಾರ ಅದನ್ನು ಒಪೆರಾ ಮಾಡಿ ವಿಯೆನ್ನಾದಲ್ಲಿ ಆಡಿಸಿದ. ಗಿರೀಶ ಕಾರ್ನಾಡರ 'ನಾಗಮಂಡಲ'ದಲ್ಲಿ ಗಂಡನ ರೂಪ ತೊಟ್ಟು ರಾತ್ರಿ ಬರುವವನು ಹಾವು. ಅದಕ್ಕೂ ಬೇರು ಇಂಥ ಹೆಂಗಸರ ಕಥೆಗಳೇ. ಹಾವು ಪ್ರೇಮಿಯಾಗಬಹುದಾದರೆ ತೋಳ ಯಾಕಾಗಬಾರದು? ಹೆಂಗಸರ ಕಥೆಯನ್ನು ಗಂಡಸರು ಎತ್ತಿಕೊಂಡಾಗ ಕಲೆ, ಹೆಂಗಸರೇ ಬರೆದು ಹುಡುಗಿಯರೇ ಓದಿದಾಗ ಹುಚ್ಚು ಎನ್ನುವ ಲೆಕ್ಕ ನನಗೆ ತಿಳಿಯುವುದಿಲ್ಲ. ತ್ರಿವೇಣಿ, ಎಂ.ಕೆ. ಇಂದಿರಾರಂಥವರನ್ನೂ 'ಅಡುಗೆಮನೆ ಸಾಹಿತ್ಯ' ಎಂಬ ಒಂದು ಮಾತಿನಲ್ಲಿ ಮೂಲೆಗೆ ಸರಿಸಿದ ಜನ ನಮ್ಮಲ್ಲಿದ್ದರು.

ಎರಡನೆಯ ಆಕ್ಷೇಪಣೆ, ಇಂಥವನ್ನು ಓದಿ ಹುಡುಗಿಯರು ಕೆಡುತ್ತಾರೆ ಎಂಬುದು. ಇದರ ಬಗ್ಗೆ ನಾನು ಮೇಲಿನಷ್ಟು ಹಗುರವಾಗಿ ಬರೆಯಲಾರೆ. ಈ ಮಾತನ್ನು ಒಂದು ಕಾಲಕ್ಕೆ ನಾನೇ ಆಡಿದ್ದೇನೆ.

2009ರ ಸುಮಾರಿಗೆ, ನಾನು ಮುದ್ದೇಬಿಹಾಳದ ಕಡೆ ಇದ್ದಾಗಿನ ಮಾತು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಸಮಾಜ ಪುಸ್ತಕದ ನಡುವೆ ಒಂದು ಕಾದಂಬರಿ ಇಟ್ಟುಕೊಂಡು ಓದುತ್ತಿದ್ದಳು. ಎರವಲು ಲೈಬ್ರರಿಯ ಪುಸ್ತಕ, ಮೂಲೆ ಮಡಿಚಿದ್ದು, ಗುರುತಿಗೆ ಬಸ್ ಟಿಕೇಟು. ಮಾಟ, ಮಂತ್ರ, ಪ್ರೀತಿ ಎಲ್ಲ ಇರುವಂಥದು. ನಾನು ಅದನ್ನು ಕಸಿದುಕೊಂಡೆ. 'ಅಕ್ಕಾರ, ಇನ್ನ ನಾಕ ಹಾಳಿ ಉಳದಾವ್ರಿ' ಎಂದು ಬೇಡಿಕೊಂಡಳು. ಕೊಡಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಶಿಸ್ತು ಎಂದುಕೊಂಡು ಅವಳ ತಂದೆಯನ್ನು ಕರೆಸಿ ಪುಸ್ತಕವನ್ನು ಕೈಯಲ್ಲಿಟ್ಟೆ. ಅವರು ನನ್ನೆದುರು ಏನೂ ಅನ್ನಲಿಲ್ಲ, ಕೈಮುಗಿದು ಹೋದರು. ಹುಡುಗಿ ಪರೀಕ್ಷೆಗೆ ಕೂಡಲಿಲ್ಲ. ಬೇಸಿಗೆಯಲ್ಲಿ ಮದುವೆಯಾಯಿತು. 'ಲವ್ ಪುಸ್ತಕ ಓದ್ತಾಳಂತ ಸಾಲೀ ಅಕ್ಕಾರ ಹೇಳ್ಯಾರ' ಎಂದು ಆ ಮನೆಯಲ್ಲಿ ಕಾರಣ ಹೇಳಿದರಂತೆ. ಹದಿನೆಂಟಕ್ಕೆ ಮೊದಲು ಹೆಣ್ಣಿನ ಮದುವೆ ಮಾಡಬಾರದು ಎನ್ನುವ ಬಾಲ್ಯವಿವಾಹ ನಿಷೇಧ ಕಾಯ್ದೆ ಆಗಿದ್ದೂ 2006ರಲ್ಲಿಯೇ, ಬೆಲ್ಲಾ ತನಗೆ ಹದಿನೆಂಟಾಯಿತೆಂದು ಅಳುತ್ತ ಕುಳಿತ ವರ್ಷ. ಕಾಯ್ದೆ ನನಗೆ ಗೊತ್ತಿತ್ತು. ನಾನು ಯಾರಿಗೂ ತಿಳಿಸಲಿಲ್ಲ.

ಎರಡು ವರ್ಷದ ಮೇಲೆ ಸಿಂದಗಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಕಂಕುಳಲ್ಲಿ ಕೂಸು. ನನ್ನ ಮೇಲೆ ಸಿಟ್ಟು ಇದ್ದಂತೆ ಕಾಣಲಿಲ್ಲ. ಚಲೋ ಇದ್ದೀರೇನ್ರಿ ಎಂದು ಕೇಳಿ, ಬಸ್ಸಿನ ಕಡೆ ತಿರುಗಿದವಳು ನಿಂತು, 'ಅಕ್ಕಾರ, ಆ ಪುಸ್ತಕದಾಗ ಕಡೀಕ ಏನಾತ್ರಿ?' ಎಂದಳು. ನಾನು ಓದಿರಲಿಲ್ಲ. ಓದದೆಯೇ ಕಸಿದಿದ್ದೆ.

ಆದ್ದರಿಂದ, ಕೆಡುತ್ತಾರೆ ಎನ್ನುವವರಿಗೆ ನನ್ನದೊಂದು ಪ್ರಶ್ನೆ. ನೀವು ಓದಿದ್ದೀರಾ? ಕಿಟಕಿಯಿಂದ ಬರುವ ಎಡ್ವರ್ಡನ ಬಗ್ಗೆ ನನಗೂ ತಕರಾರಿದೆ, ಅವನಿಲ್ಲದೆ ಬದುಕೇ ಇಲ್ಲವೆಂಬಂತೆ ಬಂಡೆಯ ಮೇಲಿನಿಂದ ಸಮುದ್ರಕ್ಕೆ ಹಾರುವ ಬೆಲ್ಲಾಳ ಬಗ್ಗೆ ಇನ್ನೂ ದೊಡ್ಡ ತಕರಾರಿದೆ. ಇದನ್ನೆಲ್ಲ ನನ್ನ ತಂಗಿಯ ಮಗಳೊಡನೆ ಜಗಳವಾಡಿದ್ದೇನೆ. ಅವಳು, 'ಅಂವಾ ತಾನ ನಿರ್ಧಾರ ಮಾಡಿ ಬಿಟ್ಟು ಹೋದ್ನಲ್ಲ, ಆಕೀನ್ನ ಒಂದ ಮಾತ ಕೇಳಿದ್ನೇನು? ಅದಕ್ಕ ನನಗ ಜೇಕಬ್ ಸೇರ್ತಾನ' ಎಂದಳು. ಹದಿನೇಳರ ಹುಡುಗಿಯ ಬಾಯಲ್ಲಿ ಈ ಮಾತು ಕೇಳಲು ನಾನು ಯಾವ ಮೌಲ್ಯಶಿಕ್ಷಣದ ಪಿರಿಯಡ್ಡಿನಲ್ಲಿ ಎಷ್ಟು ವರ್ಷ ಗಂಟಲು ಹರಿದುಕೊಳ್ಳಬೇಕಿತ್ತು? ಹಿಂದಿನ ಹುಡುಗಿಯೊಡನೆ ಇಂಥ ಜಗಳಕ್ಕೆ ನಾನು ಅವಕಾಶ ಕೊಡಲಿಲ್ಲ.

ಇನ್ನು ಕನ್ನಡದ ಪ್ರಕಾಶಕರಿಗೂ ಒಂದು ಮಾತು. ಹದಿನಾಲ್ಕರ ಹುಡುಗಿ ನಮ್ಮ ತಾಲೂಕಿನ ಊರುಗಳಲ್ಲಿ ಪುಸ್ತಕ ಕೇಳಿದರೆ ಒಂದು ಕೈಯಲ್ಲಿ ಪಂಚತಂತ್ರ ಕೊಡುತ್ತಾರೆ, ಇನ್ನೊಂದು ಕೈಯಲ್ಲಿ 'ಪರ್ವ'. ಎರಡೂ ದೊಡ್ಡವೇ, ಆದರೆ ನಡುವಿನ ನಾಲ್ಕು ವರ್ಷ ಅವಳು ಏನು ಓದಬೇಕು? ಅದಕ್ಕೇ ನನ್ನ ತಂಗಿಯ ಮಗಳು ಅರ್ಧಂಬರ್ಧ ಇಂಗ್ಲಿಷಿನಲ್ಲಿ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು, ಕಾಣದ ಊರಿನ ಮಳೆಯಲ್ಲಿ ತೊಯ್ಯುತ್ತಾಳೆ. ಕೃಷ್ಣೆಯ ಹಿನ್ನೀರು ನಿಂತ ನಮ್ಮ ಆಲಮಟ್ಟಿಯ ದಂಡೆಯಲ್ಲಿ ಮಹಾಶ್ವೇತೆಯಂಥವಳು ಕುಳಿತಿದ್ದರೆ, ಮುಳುಗಿದ ಊರಿನಿಂದ ರಾತ್ರಿ ಯಾರೋ ಎದ್ದು ಬರುವಂತಿದ್ದರೆ, ಅದನ್ನು ಮೂರು ಭಾಗ ಬರೆಯಿರಿ, ನಾನೇ ನೂರು ಪ್ರತಿ ಮಾರಿಸಿಕೊಡುತ್ತೇನೆ.

ಮೂರನೆಯ ಭಾಗ 'ಎಕ್ಲಿಪ್ಸ್', ಅಂದರೆ ಗ್ರಹಣ. ಮೊನ್ನೆ ಇಂಡಿಯ ಬಸ್ಸಿಗೆ ಕೊಟ್ಟು ಕಳಿಸಿದ್ದಾಳೆ. ಈಗ ಅದನ್ನು ದಿನವೂ ಸ್ಟಾಫ್ ರೂಮಿಗೆ ಒಯ್ಯುತ್ತೇನೆ, ರಟ್ಟು ಮೇಲೆ ಮಾಡಿ ಮೇಜಿನ ಮೇಲಿಡುತ್ತೇನೆ. ನಿನ್ನೆ ನಕ್ಕವರಲ್ಲೊಬ್ಬರು, ಬೆಲ್ ಆದ ಮೇಲೆ ಉಳಿದವರೆಲ್ಲ ಹೋಗುವುದನ್ನು ಕಾದು, ಮೊದಲನೆಯ ಭಾಗ ಮನೆಯಲ್ಲಿದೆಯೇ ಎಂದು ಕೇಳಿದರು.