ಮೂಗಿಲ್ಲದ ಮುದ್ದು

ಮೊನ್ನೆ ನಮ್ಮ ಮನೆಗೆ ಬಂದ ಮಹನೀಯರೊಬ್ಬರು, ಸೋಫಾದ ಪಕ್ಕದಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದ ಗುಂಡನನ್ನು ನೋಡಿ, “ಥೇಟ್ ನಮ್ಮ ಮಾವನವರ ಹಾಗೆಯೇ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ನಗಲಿಲ್ಲ. ಐದು ವರ್ಷದ ಹಿಂದೆಯಾಗಿದ್ದರೆ ಅವರಿಗಿಂತ ಜೋರಾಗಿ ನಗುತ್ತಿದ್ದೆ. ಗುಂಡ ಪಗ್ ಜಾತಿಯ ನಾಯಿ. ಹಣ ಕೊಟ್ಟು ತಂದವನು ನಾನೇ. ಆದ್ದರಿಂದ ಮೊದಲ ಆರೋಪಿಯೂ ನಾನೇ ಎಂದು ಒಪ್ಪಿಕೊಂಡು ಹೇಳುತ್ತೇನೆ: ಪಗ್ಗನ್ನು ಕೊಳ್ಳುವುದನ್ನು ನಾವು ನಿಲ್ಲಿಸಬೇಕು.

2003ರಲ್ಲಿ ಹಚ್ ಕಂಪೆನಿಯ ಜಾಹೀರಾತಿನಲ್ಲಿ ಪುಟ್ಟ ಹುಡುಗನೊಬ್ಬನ ಬೆನ್ನುಹತ್ತಿ ಪಗ್ಗೊಂದು ಹೋದಲ್ಲೆಲ್ಲ ಹೋಯಿತಲ್ಲ, ಅಂದಿನಿಂದ ನಮ್ಮ ನಗರಗಳ ಮಧ್ಯಮವರ್ಗಕ್ಕೆ ಈ ಮೋಹ ಬಲವಾಗಿ ಹಿಡಿಯಿತು. ಇಂದಿಗೂ ಅದನ್ನು ‘ವೊಡಾಫೋನ್ ನಾಯಿ’ ಎನ್ನುವವರುಂಟು. ಜಾಹೀರಾತಿನ ನಾಯಿ ಹುಡುಗನ ಹಿಂದೆ ಎಲ್ಲಿಗಾದರೂ ಹೋದೀತು. ನಮ್ಮ ಗುಂಡನನ್ನು ಏಪ್ರಿಲ್ ತಿಂಗಳ ಒಂದು ಸಂಜೆ ನಾಲ್ಕು ಗಂಟೆಗೆ ನಾನು ತಿರುಗಾಡಿಸಲು ಕರೆದೊಯ್ದೆ. ಬೆಂಗಳೂರಿನ ಬಿಸಿಲು, ಅದೇನು ಮಹಾ ಎಂದುಕೊಂಡಿದ್ದೆ. ಬೀದಿಯ ತಿರುವು ದಾಟುವಷ್ಟರಲ್ಲಿ ನಾಲಗೆ ನೀಲಿಗಟ್ಟಿತು, ಕಾಲು ಕುಸಿದವು. ಎಳನೀರಿನವನ ಬಳಿಯಿದ್ದ ನೀರನ್ನೆಲ್ಲ ಮೈಮೇಲೆ ಸುರಿದು, ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಧಾವಿಸಿದೆ. ಬದುಕಿಕೊಂಡ.

ಪಶುವೈದ್ಯರು ಅಂದು ಬಿಡಿಸಿ ಹೇಳಿದರು. ನಾಯಿಗೆ ನಮ್ಮ ಹಾಗೆ ಮೈತುಂಬ ಬೆವರುವ ಭಾಗ್ಯವಿಲ್ಲ; ಏದುಸಿರು ಬಿಟ್ಟು, ಮೂಗಿನೊಳಗಿನ ಮತ್ತು ನಾಲಗೆಯ ಮೇಲಿನ ತೇವ ಆರಿಸಿಯೇ ಅದು ಮೈ ತಂಪು ಮಾಡಿಕೊಳ್ಳಬೇಕು. ಪಗ್ಗಿನಲ್ಲಿ ಮನುಷ್ಯ ತಲೆಮಾರಿನಿಂದ ತಲೆಮಾರಿಗೆ ಆರಿಸಿ ಆರಿಸಿ ಮೂತಿಯ ಎಲುಬನ್ನು ಮೊಟಕು ಮಾಡಿದ. ಒಳಗಿನ ಮಾಂಸ ಮಾತ್ರ ಅಷ್ಟಕ್ಕಷ್ಟೇ ಕುಗ್ಗಲಿಲ್ಲ. ತೊಟ್ಟಿಮನೆಯ ಸಾಮಾನನ್ನೆಲ್ಲ ಒಂದು ಕೋಣೆಗೆ ತುರುಕಿದ ಹಾಗೆ, ಮೆತ್ತನೆಯ ಅಂಗುಳು ಗಂಟಲಿಗೆ ಇಳಿಬಿದ್ದು ಗಾಳಿಯ ದಾರಿಗೆ ಅಡ್ಡವಾಗುತ್ತದೆ. ಮೂಗಿನ ಹೊಳ್ಳೆ ಬರಿಯ ಸೀಳಾಗುತ್ತದೆ. 42 ಹಲ್ಲೂ ಆ ಗಿಡ್ಡ ದವಡೆಯಲ್ಲೇ ಒತ್ತಿಕೊಂಡು ನಿಲ್ಲಬೇಕು. ಕಣ್ಣಿನ ಗುಳಿ ಆಳವಿಲ್ಲದ್ದರಿಂದ ಕಣ್ಣು ಹೊರಚಾಚಿ, ಚಿಕ್ಕ ಗೀರು ಬಿದ್ದರೂ ಹುಣ್ಣಾಗುವ ಭಯ. ಮೂಗು ಹಿಡಿದರೆ ಬಾಯಿ ತಾನೇ ಬಿಡುತ್ತದೆ ಎಂಬ ನಮ್ಮ ಗಾದೆ ಈ ಬಡಪ್ರಾಣಿಯ ದಿನಚರಿಯಾಗಿದೆ. ಆ ಬಿಟ್ಟ ಬಾಯನ್ನೇ ನಾವು ‘ನಗು’ ಎನ್ನುತ್ತೇವೆ!

“ಆ ಜಾತಿ ಇರುವುದೇ ಹಾಗೆ, ಸ್ವಾಮಿ” ಎನ್ನುವವರಿಗೆ ಒಂದು ಚಿತ್ರ ತೋರಿಸಬೇಕು. ಚೀನಾದ ಅರಮನೆಗಳಲ್ಲಿ ಬೆಳೆದ ಈ ನಾಯಿ ಡಚ್ಚರ ಮೂಲಕ ಯೂರೋಪು ಸೇರಿತು. ಇಂಗ್ಲೆಂಡಿನ ಚಿತ್ರಕಾರ ವಿಲಿಯಂ ಹೊಗಾರ್ತ್ 1745ರಲ್ಲಿ ತನ್ನ ಪಗ್ಗಿನೊಡನೆ ತನ್ನದೇ ಚಿತ್ರ ಬರೆದುಕೊಂಡ. ಆ ನಾಯಿಗೆ ಮೂತಿಯಿದೆ! ಗುಂಡನ ಮುಖ ದೇವರು ಕೊಟ್ಟದ್ದಲ್ಲ, ಪ್ರದರ್ಶನದ ಬಹುಮಾನಗಳೂ ಕೊಳ್ಳುವವರ ಚಪಲವೂ ಕೂಡಿ ಕೊಟ್ಟದ್ದು. ಇಂಗ್ಲೆಂಡಿನ ರಾಯಲ್ ವೆಟರ್ನರಿ ಕಾಲೇಜಿನವರು 2022ರಲ್ಲಿ, ಆರೋಗ್ಯದ ದೃಷ್ಟಿಯಿಂದ ಪಗ್ಗನ್ನು ಇನ್ನು ಸಾಮಾನ್ಯ ನಾಯಿಯೆಂದು ಎಣಿಸಲಾಗದು ಎಂದುಬಿಟ್ಟರು. ಡಚ್ಚರ ನಾಡಿನಲ್ಲಿ 2019ರಲ್ಲೇ, ತಲೆಬುರುಡೆಯ ಉದ್ದದ ಮೂರನೆಯ ಒಂದು ಪಾಲಾದರೂ ಮೂತಿಯಿಲ್ಲದ ನಾಯಿಯಿಂದ ಮರಿ ಪಡೆಯಬಾರದೆಂದು ಕಟ್ಟುಮಾಡಿದರು.

ಇನ್ನೊಂದು ವಾದವಿದೆ: ಪಗ್ ಸಾಧು, ಬೊಗಳುವುದು ಕಡಿಮೆ, ಮಕ್ಕಳಿಗೆ ಒಗ್ಗುತ್ತದೆ, ಫ್ಲಾಟಿಗೆ ಹೇಳಿ ಮಾಡಿಸಿದ್ದು. ಒಪ್ಪಿದೆ. ಗುಂಡನಷ್ಟು ಒಳ್ಳೆಯ ಸ್ವಭಾವ ನಮ್ಮ ವಠಾರದಲ್ಲಿ ನನಗೂ ಇಲ್ಲ. ಅವನಿಗೆ ಕೇಡಾದದ್ದೇ ಅದು. ಉಸಿರು ಕಟ್ಟುತ್ತಿದ್ದರೂ ಬಾಲ ಆಡಿಸುತ್ತಾನೆ. ನೋಡಿದವರು ಸುಖವಾಗಿದ್ದಾನೆ ಎಂದುಕೊಳ್ಳುತ್ತಾರೆ.

ಈಗಾಗಲೇ ಸಾಕಿರುವವರು ಏನು ಮಾಡಬೇಕು? ಅವನನ್ನು ಬೀದಿಗೆ ಬಿಡಿ ಎಂದು ನಾನು ಹೇಳುವುದಿಲ್ಲ. ತಿರುಗಾಟ ಬೆಳಗಿನ ತಂಪಿನಲ್ಲಿರಲಿ. ಕೊರಳ ಪಟ್ಟಿ ತೆಗೆದು ಎದೆಪಟ್ಟಿ ಹಾಕಿ. ಮುಖದ ಮಡಿಕೆಗಳನ್ನು ಒರೆಸಿ ಒಣಗಿಸಿ. ತೇವ ನಿಂತರೆ ಕೊಳೆತು ನಾರುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ತಟ್ಟೆಯಿಂದ ಕೈತುತ್ತು ಕೊಡುವ ಅಜ್ಜಿಯರನ್ನು ತಡೆಯಿರಿ. 6ರಿಂದ 8 ಕಿಲೋ ತೂಗಬೇಕಾದದ್ದು 12 ಕಿಲೋ ಆದರೆ, ಇಕ್ಕಟ್ಟಾದ ಗಂಟಲಿಗೆ ಕೊಬ್ಬೂ ಸೇರಿತು ಎಂದರ್ಥ. ಗೊರಕೆ ಹೆಚ್ಚಾದರೆ ವೈದ್ಯರಿಗೆ ತೋರಿಸಿ. ಹೊಳ್ಳೆ ಅಗಲಿಸಿ, ಅಂಗುಳು ಕತ್ತರಿಸುವ ಶಸ್ತ್ರಚಿಕಿತ್ಸೆಯುಂಟು. ಗುಂಡನಿಗೂ ಆಗಿದೆ. ಪೂರ್ತಿ ಗುಣವಾಗಿಲ್ಲ.

ಕಾನೂನೂ ಉಂಟು. 2017ರ ಕೇಂದ್ರ ನಿಯಮಗಳ ಪ್ರಕಾರ ಮರಿ ಮಾಡಿಸಿ ಮಾರುವವರು ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ನಾನು ಗುಂಡನನ್ನು ತಂದಾಗ ನೋಂದಣಿ ಪತ್ರ ಕೇಳಿದ್ದೆನೆ? ತಾಯಿನಾಯಿಯನ್ನಾದರೂ ಕಂಡಿದ್ದೆನೆ? ಇಲ್ಲ. ಬಣ್ಣ ಕೇಳಿದೆ, ರಿಯಾಯಿತಿ ಕೇಳಿದೆ.

ಮೊನ್ನೆಯ ಮಹನೀಯರು ಕಾಫಿ ಮುಗಿಸಿ ಏಳುತ್ತ, “ಗುಂಡನಿಗೊಂದು ಜೋಡಿ ನೋಡಿ ಸಾರ್. ಮರಿಯಾದರೆ ಒಂದು ನಮಗಿರಲಿ” ಎಂದರು. ಅವನಿಗೆ ಸಂತಾನಹರಣ ಮಾಡಿಸಿ ಮೂರು ವರ್ಷವಾಯಿತೆಂದೆ.

“ಅಯ್ಯೋ, ಮೂಕಪ್ರಾಣಿಗೆ ಎಂಥ ಅನ್ಯಾಯ ಮಾಡಿದಿರಿ!” ಎಂದು ಅವರು ನೊಂದುಕೊಂಡರು. ಸೋಫಾದ ಪಕ್ಕದಲ್ಲಿ ಗುಂಡನ ಉಸಿರು ಒಂದು ಕ್ಷಣ ನಿಂತು, ಮತ್ತೆ ಗೊರಗೊರ ಶುರುವಾಯಿತು.