ಎಸೆಯುವ ಮೊದಲು ಒಮ್ಮೆ ಬಿಚ್ಚಿ ನೋಡಿ

ಕ್ಯಾಲಿಫೋರ್ನಿಯಾದ ಈ ಸಿಲಿಕಾನ್ ಕಣಿವೆಯಲ್ಲಿ, ಸನ್ನಿವೇಲ್, ಫ್ರೀಮಾಂಟ್, ಮಿಲ್ಪಿಟಾಸ್‌ಗಳ ಬೀದಿಗಳಲ್ಲಿ ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ ವಾಷಿಂಗ್ ಮಷಿನ್ನು, ಡ್ರೈಯರು, ಬಾಗಿಲು ಕಳಚಿದ ಫ್ರಿಜ್ಜು ನಿಮ್ಮ ಕಣ್ಣಿಗೆ ಎಷ್ಟು ಸಲ ಬಿದ್ದಿಲ್ಲ! ಕೆಲವು ಸಲ ಅವು ನಿಮ್ಮ ಗ್ಯಾರೇಜಿನಿಂದಲೇ ಹೊರಬಂದವು. ಕಂಪನಿಗೆ ಫೋನ್ ಮಾಡಿರುತ್ತೀರಿ. ಅತ್ತ ಕಡೆಯವರು ಮಾಡೆಲ್ ನಂಬರ್ ಕೇಳಿಕೊಂಡು, ‘ಅದು ನಿಂತು ಬಹಳ ವರ್ಷವಾಯಿತು, ಪಾರ್ಟ್ ಸಿಗುವುದಿಲ್ಲ’ ಎಂದಿರುತ್ತಾರೆ. ಆ ಒಂದು ಮಾತಿಗೆ ನೀವು ಇಡೀ ಯಂತ್ರವನ್ನು ಒಪ್ಪಿಸಿಬಿಟ್ಟಿರಿ. ನನ್ನ ಸಂಕಟವಿರುವುದು ಅಲ್ಲಿ. ಕಂಪನಿ ಕೈಬಿಟ್ಟಿತೆಂದರೆ ಕಂಪನಿ ಕೈಬಿಟ್ಟಿತು, ಅಷ್ಟೆ. ನೀವೂ ಕೈಬಿಡಬೇಕೆಂದು ಯಾರು ಹೇಳಿದರು?

ಇಲ್ಲಿಗೆ ಬಂದು ನೆಲೆಸಿದ ಕನ್ನಡಿಗರಾದ ನೀವು ಹಾಗೆ ಕೈಬಿಡುವ ಜನವಲ್ಲ. ಕಲಾಯಿ ಹಾಕುವವರ ತಿದಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕಪ್ಪು ಪಾತ್ರೆ ಬೆಳ್ಳಗಾಗುವುದನ್ನು ನೋಡಿದವರು ನೀವು. ಕೊಡೆಯ ಕಡ್ಡಿ ಮುರಿದರೆ ಕಡ್ಡಿಯೊಂದನ್ನೇ ಬದಲಿಸಿಕೊಂಡು ಮತ್ತೆರಡು ಮಳೆಗಾಲ ಕಳೆಯುತ್ತಿದ್ದ ಮನೆಗಳಿಂದ ಬಂದವರು. ರೇಡಿಯೋದ ಹಿಂದಿನ ಮುಚ್ಚಳ ತೆಗೆದು ಧೂಳು ಊದುತ್ತಿದ್ದ ಅಪ್ಪಂದಿರ ಮಕ್ಕಳು. ಸುಮೀತ್ ಮಿಕ್ಸಿಯ ಕಥೆ ನಿಮ್ಮಲ್ಲಿ ಹಿರಿಯರಿಗೆ ಗೊತ್ತಿರುತ್ತದೆ. 1960ರ ದಶಕದಲ್ಲಿ ಮುಂಬಯಿಯ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರ ಮನೆಯಲ್ಲಿ ಜರ್ಮನ್ ಮಿಕ್ಸರ್ ಒಂದು ನಮ್ಮ ಮಸಾಲೆ, ಬೇಳೆ ರುಬ್ಬಲಾರದೆ ಕೆಟ್ಟು ನಿಂತಿತಂತೆ. ಅದನ್ನು ಭಾರತದಲ್ಲಿ ರಿಪೇರಿ ಮಾಡುವವರಿಲ್ಲ ಎಂಬ ಉತ್ತರ ಬಂದಾಗ, ಆ ಉತ್ತರಕ್ಕೆ ತಲೆಬಾಗದೆ ಅವರು ಒರಳುಕಲ್ಲಿನ ಕೆಲಸಕ್ಕೆ ಒಗ್ಗುವಂಥ ಮೋಟರನ್ನೇ ಕೂಡಿಸಿದರು. ನಮ್ಮ ತಾಯಂದಿರ ರಟ್ಟೆಗೆ ಬಿಡುವು ಸಿಕ್ಕಿದ್ದು ‘ಸರ್ವಿಸ್ ಇಲ್ಲ’ ಎಂಬ ಮಾತನ್ನು ಒಬ್ಬರು ಒಪ್ಪಿಕೊಳ್ಳದೆ ಹೋದದ್ದರಿಂದ. ಆ ಸುಮೀತ್ ಮಿಕ್ಸಿಯನ್ನು ಸೀರೆಗಳ ನಡುವೆ ಸುತ್ತಿ ಸಮುದ್ರ ದಾಟಿಸಿ ತಂದವರ ಕೈ, ಇಂದು ಸ್ಕ್ರೂಡ್ರೈವರ್ ಹಿಡಿಯಲು ಹಿಂಜರಿಯುತ್ತಿದೆ.

ಕೆಟ್ಟಿರುವುದು ಬಹಳ ಸಲ ಬಹಳ ಚಿಕ್ಕದು. ಮಿಕ್ಸಿಯ ಒಳಗೆ ಕಿಡಿ ಹಾರಿ ಸುಟ್ಟ ವಾಸನೆ ಬಂದರೆ ಕಾರ್ಬನ್ ಬ್ರಷ್ ನೋಡಿ. ಬೆರಳ ತುದಿಯಷ್ಟಿರುವ ಆ ಎರಡು ಕರಿತುಂಡುಗಳು ಮೋಟರಿನ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುತ್ತ ತಾವು ಸವೆಯುತ್ತವೆ, ಸವೆದ ಮೇಲೆ ಬದಲಿಸಲೆಂದೇ ಇವೆ. ಮೋಟರು ತಿರುಗುತ್ತಿದ್ದರೂ ಜಾರಿನ ಬ್ಲೇಡು ತಿರುಗದಿದ್ದರೆ ಕಪ್ಲರಿನ ಹಲ್ಲು ಹೋಗಿರುತ್ತದೆ. ವಾಷಿಂಗ್ ಮಷಿನ್ ನೀರು ಬಿಡದೆ ನಿಂತಿದ್ದರೆ ಪಂಪಿನ ಬಾಯಲ್ಲಿ ಮಗುವಿನ ಕಾಲುಚೀಲವೋ ಒಂದು ಪೆನ್ನಿಯೋ ಸಿಕ್ಕಿಕೊಂಡಿರಬಹುದು. ಡ್ರೈಯರ್ ಬಿಸಿಯಾಗದಿದ್ದರೆ ಕೆಲವೇ ಡಾಲರಿನ ಥರ್ಮಲ್ ಫ್ಯೂಸ್ ಹಾರಿರಬಹುದು. ಅದು ಹಾರಿದ್ದು ಗಾಳಿಕೊಳವೆಯಲ್ಲಿ ನೂಲಿನ ಹಿಂಜು ಕಟ್ಟಿದ್ದರಿಂದ ಇರಬಹುದು, ಅದನ್ನು ತೆಗೆಯದೆ ಫ್ಯೂಸ್ ಮಾತ್ರ ಬದಲಿಸಿದರೆ ಮತ್ತೆ ಹಾರುತ್ತದೆ. ಬೋರ್ಡು ಸತ್ತಿದೆ ಎಂದರೆ ತಲೆ ಉಬ್ಬಿದ ಒಂದು ಕೆಪ್ಯಾಸಿಟರ್ ಹುಡುಕಿ, ಬೆಸುಗೆ ಬಿಡಿಸಿ ಹೊಸದನ್ನು ಕೂರಿಸಿದರೆ ಎಷ್ಟೋ ಸಲ ಸಾಕು. ಇಲ್ಲಿನ ಅನೇಕ ವಾಷಿಂಗ್ ಮಷಿನ್‌ಗಳ ತಗಡಿನ ಹಿಂದೆಯೇ ವೈರಿಂಗ್ ಚಿತ್ರದ ಹಾಳೆಯೊಂದನ್ನು ಮಡಚಿ ಇಟ್ಟಿರುತ್ತಾರೆ, ಅದು ಗೊತ್ತೇ? ಮುಂದೆಂದೋ ಬಿಚ್ಚುವವರಿಗಾಗಿ ಯಾರೋ ಇಟ್ಟುಹೋದ ಹಾಳೆ ಅದು. ಎಸೆಯುವ ಮೊದಲು ಒಮ್ಮೆ ಬಿಚ್ಚಿ ನೋಡಿ.

ಪ್ಲಗ್ ಕಿತ್ತ ಮೇಲೆಯೇ ಬಿಚ್ಚಿ. ಮೈಕ್ರೋವೇವ್‌ನಂಥದ್ದನ್ನು ತಿಳಿದವರಿಗೆ ಬಿಡಿ, ಪ್ಲಗ್ ಕಿತ್ತರೂ ಅದರ ಕೆಪ್ಯಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ಎಲ್ಲ ಹಳೆಯದನ್ನೂ ಉಳಿಸಿ ಎಂದೂ ನಾನು ಬೇಡುತ್ತಿಲ್ಲ. 1980ರ ದಶಕದ ಫ್ರಿಜ್ ಇಂದಿನದಕ್ಕಿಂತ ಬಹಳ ಹೆಚ್ಚು ಕರೆಂಟ್ ತಿನ್ನುತ್ತದೆ, ಅದಕ್ಕೆ ವಿದಾಯ ಹೇಳುವುದೇ ಸರಿ. ಆದರೆ ಹತ್ತು ವರ್ಷದ ಡ್ರೈಯರು, ಹನ್ನೆರಡು ವರ್ಷದ ಗ್ರೈಂಡರು ಮಾಡಿದ ತಪ್ಪೇನು?

ಬಿಡಿಭಾಗ ಎಲ್ಲಿ ಎಂದು ಕೇಳುತ್ತೀರಿ. ಕೇಳಬೇಕಾದದ್ದೇ. ಎಲೆಕ್ಟ್ರಾನಿಕ್ ಬಿಡಿಭಾಗ ಸಿಗುತ್ತಿದ್ದ ಅಂಗಡಿಗಳು ಈ ಕಣಿವೆಯಲ್ಲಿದ್ದವು: ಸನ್ನಿವೇಲ್‌ನ ವಿಯರ್ಡ್‌ಸ್ಟಫ್ ವೇರ್‌ಹೌಸ್ 2018ರಲ್ಲಿ ಮುಚ್ಚಿತು, ಸಾಂಟಾ ಕ್ಲಾರಾದ ಹಾಲ್ಟೆಡ್ ಅದರ ಹಿಂದೆಯೇ ಹೋಯಿತು, 2021ರ ಫೆಬ್ರವರಿಯಲ್ಲಿ ಫ್ರೈಸ್ ಎಲೆಕ್ಟ್ರಾನಿಕ್ಸ್ ತನ್ನ ಎಲ್ಲ ಅಂಗಡಿಗಳಿಗೆ ಒಟ್ಟಿಗೇ ಬೀಗ ಹಾಕಿತು. ಅವು ಹೋದಾಗ ನೀವು ನೆನಪುಗಳನ್ನು ಹಂಚಿಕೊಂಡು ಮರುಗಿದಿರಿ. ಮರುಗಿದ್ದು ನಿಜವೇ ಆದರೆ, ಉಳಿದಿರುವ ದಾರಿಯಲ್ಲಾದರೂ ನಡೆಯಬೇಡವೇ? 2024ರ ಜುಲೈ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ರಿಪೇರಿ ಹಕ್ಕಿನ ಕಾನೂನು ಜಾರಿಯಲ್ಲಿದೆ. ಅಂದಿನ ರಾಜ್ಯ ಸೆನೆಟರ್ ಸೂಸನ್ ಎಗ್‌ಮನ್ ಮಂಡಿಸಿದ ಈ ಕಾನೂನಿನ ಪ್ರಕಾರ, ಸಗಟು ಬೆಲೆ 100 ಡಾಲರ್ ಅಥವಾ ಅದಕ್ಕೂ ಹೆಚ್ಚಿರುವ ಉಪಕರಣದ ತಯಾರಿಕೆ ನಿಂತ ಮೇಲೂ 7 ವರ್ಷ, 50ರಿಂದ 100 ಡಾಲರಿನೊಳಗಿನದಕ್ಕೆ 3 ವರ್ಷ, ಬಿಡಿಭಾಗ, ರಿಪೇರಿ ಸಲಕರಣೆ, ಕೈಪಿಡಿಗಳನ್ನು ಕಂಪನಿ ನಿಮಗೂ ನಿಮ್ಮ ಬೀದಿಯ ಮೆಕ್ಯಾನಿಕ್‌ಗೂ ನ್ಯಾಯವಾದ ಬೆಲೆಗೆ ಒದಗಿಸಬೇಕು. ಅದನ್ನು ಬಳಸಿ, ಕೇಳಿ ಪಡೆಯಿರಿ. ಆದರೆ 2021ರ ಜುಲೈಗಿಂತ ಹಿಂದಿನ ಯಂತ್ರಗಳು ಆ ಕಾನೂನಿನ ಹೊರಗೇ ಉಳಿದವು. ಅವುಗಳಿಗೆ ಕಂಪನಿಯೂ ಇಲ್ಲ, ಈ ಕಾನೂನೂ ಇಲ್ಲ. ಇರುವವರು ನೀವು ಮಾತ್ರ.

ರಸ್ತೆಯಂಚಿನಿಂದ ಆ ಯಂತ್ರ ಮುಂದೆಲ್ಲಿಗೆ ಹೋಗುತ್ತದೆ ಎಂದು ನಾವು ಕೇಳುವುದೇ ಇಲ್ಲ. 2022ರಲ್ಲಿ ಜಗತ್ತು ಎಸೆದ ಇ-ತ್ಯಾಜ್ಯ 6.2 ಕೋಟಿ ಟನ್; ಸರಿಯಾಗಿ ಸಂಗ್ರಹಿಸಿ ಮರುಸಂಸ್ಕರಿಸಿದ್ದಕ್ಕೆ ಲೆಕ್ಕ ಸಿಗುವುದು ಅದರ ಶೇ. 22.3ಕ್ಕೆ ಮಾತ್ರ. ಉಳಿದದ್ದು ಯಾರದೋ ಅಂಗಳದಲ್ಲಿದೆ. ವಿಷಕಸವನ್ನು ದೇಶದಿಂದ ದೇಶಕ್ಕೆ ಸಾಗಿಸುವುದಕ್ಕೆ ಕಡಿವಾಣ ಹಾಕುವ ಬಾಸೆಲ್ ಒಪ್ಪಂದಕ್ಕೆ ಅಮೆರಿಕ 1990ರಲ್ಲಿ ಸಹಿ ಹಾಕಿತು, ಇಂದಿಗೂ ಅದನ್ನು ಅನುಮೋದಿಸಿಲ್ಲ. ಇಲ್ಲಿನ ಕಸ ಚೀನಾದ ಗುಯಿಯುವಿನಲ್ಲಿ, ಕರಾಚಿಯಲ್ಲಿ, ದೆಹಲಿಯಲ್ಲಿ ಬರಿಗೈಯಿಂದ ಒಡೆಯಲ್ಪಡುವುದನ್ನು 2002ರಲ್ಲೇ ಸ್ಯಾನ್ ಹೋಸೆಯ ಸಿಲಿಕಾನ್ ವ್ಯಾಲಿ ಟಾಕ್ಸಿಕ್ಸ್ ಕೊಅಲಿಷನ್ ಮತ್ತು ಬಾಸೆಲ್ ಆಕ್ಷನ್ ನೆಟ್‌ವರ್ಕ್ ಸೇರಿ ಜಗತ್ತಿಗೆ ತೋರಿಸಿದವು. ನಮ್ಮ ಬೆಂಗಳೂರನ್ನೇ ನೋಡಿ. ಗೌರಿಪಾಳ್ಯ, ನಾಯಂಡಹಳ್ಳಿಗಳ ಸಣ್ಣ ಶೆಡ್ಡುಗಳಲ್ಲಿ ತಾಮ್ರಕ್ಕಾಗಿ ವೈರು ಸುಟ್ಟವರು, ಗುಲಗಂಜಿಯಷ್ಟು ಚಿನ್ನಕ್ಕಾಗಿ ಬೋರ್ಡುಗಳನ್ನು ಆಸಿಡ್ಡಿನಲ್ಲಿ ಅದ್ದಿದವರು ಯಾರು? ಆ ಹೊಗೆಯಲ್ಲಿ ಸೀಸವಿದೆ, ಆ ಸೀಸ ಮಗುವಿನ ಮೆದುಳಿಗೆ ಹತ್ತುತ್ತದೆ ಎಂದು ಅವರಿಗೆ ಹೇಳುವವರಿರಲಿಲ್ಲ. ನಿಮಗೆ ಗೊತ್ತಿದೆ. ಅವರು ನಿಮಗೆ ಪತ್ರ ಬರೆಯುವುದಿಲ್ಲ, ನಿಮ್ಮ ಮೀಟಿಂಗಿಗೆ ಬರುವುದಿಲ್ಲ, ಯಾವ ರಿವ್ಯೂನಲ್ಲೂ ಒಂದು ನಕ್ಷತ್ರ ಕಡಿಮೆ ಕೊಡುವುದಿಲ್ಲ. ಅವರ ಪರವಾಗಿ ಕೇಳುತ್ತಿದ್ದೇನೆ, ಎಸೆಯುವ ಮೊದಲು ಒಮ್ಮೆ ಬಿಚ್ಚಿ ನೋಡಿ.

ಅಷ್ಟು ದೂರ ಹೋಗುವುದೂ ಬೇಡ. ನೀವು ಕಾಲಿಟ್ಟಿರುವ ನೆಲಕ್ಕೂ ಬಾಯಿಲ್ಲ. ಸಾಂಟಾ ಕ್ಲಾರಾ ಕೌಂಟಿಯಲ್ಲಿ ಸರ್ಕಾರ ಗುರುತಿಸಿದ ಸೂಪರ್‌ಫಂಡ್ ವಿಷನೆಲಗಳು 23. ಅಮೆರಿಕದ ಇನ್ನಾವ ಕೌಂಟಿಯಲ್ಲೂ ಅಷ್ಟಿಲ್ಲ. ಬಹುಪಾಲು ಕಂಪ್ಯೂಟರ್ ಚಿಪ್ ಕಾರ್ಖಾನೆಗಳು ಬಿಟ್ಟುಹೋದ ಗಾಯಗಳು. ದಕ್ಷಿಣ ಸ್ಯಾನ್ ಹೋಸೆಯಲ್ಲಿ ಅಂಥ ಒಂದು ಕಾರ್ಖಾನೆಯ ನೆಲದಡಿಯ ತೊಟ್ಟಿಯಿಂದ ದ್ರಾವಕ ಸೋರಿ ಕುಡಿಯುವ ನೀರಿನ ಬಾವಿ ಸೇರಿದ್ದು 1981ರ ಕೊನೆಗೆ ಗೊತ್ತಾಯಿತು. ಆ ನೀರು ಕುಡಿದ ಬಡಾವಣೆಯಲ್ಲಿ ಗರ್ಭಪಾತಗಳೂ ಹುಟ್ಟುದೋಷಗಳೂ ಹೆಚ್ಚಾಗಿ ಕಂಡುಬಂದವೆಂದು ರಾಜ್ಯದ ಆರೋಗ್ಯ ಇಲಾಖೆಯ ಅಧ್ಯಯನ ಹೇಳಿತು. ಆ ನೀರೇ ಕಾರಣವೆಂದು ಸಾಬೀತಾಗಲಿಲ್ಲ. ಸಾಬೀತಾಗದ ದುಃಖವನ್ನು ಆ ತಾಯಂದಿರು ಎಲ್ಲಿಟ್ಟುಕೊಳ್ಳಬೇಕಿತ್ತು? ಹೊಸ ಯಂತ್ರವೊಂದು ಮನೆಗೆ ಬರುವಾಗ ಅದರ ಬೋರ್ಡಿನ ಹಿಂದೆ ಇಂಥ ಒಂದು ನೆಲ, ಇಂಥ ಒಂದು ಬಾವಿ ಎಲ್ಲೋ ಇರುತ್ತದೆ. ಇಲ್ಲಿಯಲ್ಲದಿದ್ದರೆ ಇನ್ನೊಬ್ಬರ ಊರಿನಲ್ಲಿ.

ಇನ್ನೊಂದು ಮಾತನ್ನು ಎದೆ ಭಾರ ಮಾಡಿಕೊಂಡೇ ಹೇಳುತ್ತೇನೆ. ನಿಮ್ಮಲ್ಲಿ ಅನೇಕರು ಕೊಳ್ಳುವವರಷ್ಟೇ ಅಲ್ಲ, ಕಟ್ಟುವವರು. ಸ್ಕ್ರೂ ಇರಬೇಕಾದಲ್ಲಿ ಅಂಟು ಸಾಕೆಂದು ತೀರ್ಮಾನವಾಗುವ ಕೋಣೆಯಲ್ಲಿ ನೀವು ಕೂತಿರುತ್ತೀರಿ. ಹಳೆಯ ಮಾಡೆಲಿಗೆ ಸಾಫ್ಟ್‌ವೇರ್ ಯಾವತ್ತು ನಿಲ್ಲಿಸಬೇಕೆಂಬ ಪಟ್ಟಿ ನಿಮ್ಮ ಕಣ್ಣಮುಂದೆಯೇ ಹಾಯುತ್ತದೆ. ಬದಲಿ ಭಾಗವನ್ನು ಯಂತ್ರ ‘ತನ್ನದಲ್ಲ’ ಎಂದು ನಿರಾಕರಿಸುವ ನಾಲ್ಕು ಸಾಲು ಕೋಡ್ ನಿಮ್ಮ ಒಪ್ಪಿಗೆಗೆ ಬರುತ್ತದೆ. ಆಗ ನಿಮ್ಮೊಳಗೆ ಒಂದು ಕ್ಷಣ ಕಸಿವಿಸಿಯಾಗುತ್ತದೆ, ಆಗಿಯೇ ಆಗುತ್ತದೆ, ನಾನು ನಿಮ್ಮನ್ನು ಬಲ್ಲೆ. ಆ ಕಸಿವಿಸಿಯನ್ನು ನುಂಗಬೇಡಿ. ಒಂದು ಪ್ರಶ್ನೆ ಕೇಳಿ: ಇದನ್ನು ನಾಳೆ ಯಾರು ಬಿಚ್ಚುತ್ತಾರೆ?

ನೀವು ಒಂಟಿಯಾಗಿ ಮಾಡಬೇಕಾಗಿಲ್ಲ. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಾರ್ಟಿನ್ ಪೋಸ್ಟ್‌ಮಾ ಮೊದಲ ರಿಪೇರಿ ಕೆಫೆ ತೆರೆದ ವರ್ಷವೇ, ಇಲ್ಲಿ ಬರ್ಕ್ಲಿ ಕಡೆಯಲ್ಲಿ ಪೀಟರ್ ಮುಯ್ ಫಿಕ್ಸಿಟ್ ಕ್ಲಿನಿಕ್ ಶುರುಮಾಡಿದರು. ಪಾಲೋ ಆಲ್ಟೋದಲ್ಲೂ ರಿಪೇರಿ ಕೆಫೆ ನಡೆಯುತ್ತ ಬಂದಿದೆ. ಕೆಟ್ಟದ್ದನ್ನು ಹೊತ್ತುಕೊಂಡು ಹೋಗಿ, ಬಲ್ಲವರ ಪಕ್ಕ ಕೂತು, ಅವರು ತೋರಿಸಿದಂತೆ ನಿಮ್ಮ ಕೈಯಿಂದಲೇ ಬಿಚ್ಚಿದರೆ ಆಯಿತು.

ನಮ್ಮವರೇ ಸೇರಿ ಇದನ್ನು ಮಾಡಲಾರೆವೇ? ಈ ಆಯುಧಪೂಜೆಗೆ ಕಾರಿನ ಚಕ್ರದಡಿ ನಿಂಬೆಹಣ್ಣಿಟ್ಟು, ಮಿಕ್ಸಿಗೂ ಲ್ಯಾಪ್‌ಟಾಪಿಗೂ ಕುಂಕುಮ ಹಚ್ಚಿದ ಮೇಲೆ, ಕನ್ನಡ ಕೂಟದ ಸಭಾಂಗಣದ ಒಂದು ಮೂಲೆಯಲ್ಲಿ ಉದ್ದನೆಯ ಮೇಜೊಂದನ್ನು ಹಾಕಿಸಿ. ಮಲ್ಟಿಮೀಟರು, ಬೆಸುಗೆ ಕಡ್ಡಿ, ನಾಲ್ಕು ಅಳತೆಯ ಸ್ಕ್ರೂಡ್ರೈವರು, ಒಂದು ಡಬ್ಬಿ ಕಾರ್ಬನ್ ಬ್ರಷ್ ಇರಲಿ. ಊರಿನಲ್ಲಿ ಮೋಟರ್ ರಿವೈಂಡಿಂಗ್ ಕಂಡ, ಈಗ ಮಕ್ಕಳ ಮನೆಯಲ್ಲಿ ಹಗಲು ಕಳೆಯಲಾರದೆ ಕೂತಿರುವ ತಂದೆಯೊಬ್ಬರು ನಿಮ್ಮ ಪರಿಚಯದಲ್ಲಿ ಇದ್ದೇ ಇರುತ್ತಾರೆ. ಅವರನ್ನು ಕರೆತಂದು ಮೇಜಿನ ತಲೆಗೆ ಕೂರಿಸಿ. ಮೂಲೆಗೆ ತಳ್ಳಿದ ಗ್ರೈಂಡರನ್ನು, ಸದ್ದಿಲ್ಲದ ಮಿಕ್ಸಿಯನ್ನು ತನ್ನಿ. ಪ್ಲಗ್ ಕಿತ್ತಿದೆಯೆಂದು ಎರಡು ಸಲ ನೋಡಿ, ಮಕ್ಕಳನ್ನು ಮುಂದಿನ ಸಾಲಿಗೆ ಕರೆದು, ಮೊದಲ ಸ್ಕ್ರೂವನ್ನು ಅವರ ಕೈಯಿಂದಲೇ ಬಿಚ್ಚಿಸಿ.